ಭತ್ತದ ಕಣದಲ್ಲಿ ಎಡದಂಡೆ ಕ್ಲಬ್ಬು

ಕಳೆದ ತಿಂಗಳು ಹೊಸದಾಗಿ ನೇಮಕವಾದ ಇಬ್ಬರು ದೈಹಿಕ ಶಿಕ್ಷಕಿಯರು ನನ್ನನ್ನು ಕಾಣಲು ಬಂದಿದ್ದರು. ಚಹಾ ಕುಡಿಯುವಾಗ ಚಿಕ್ಕವಳು ಕೇಳಿದಳು: "ಮೇಡಂ, ಖರೇ ಹೇಳ್ರಿ, ಇಷ್ಟು ವರ್ಷ ನೀವು ಮಾಡಿದ ಕೆಲಸ ಏನು? ಬರೇ ಸೀಟಿ ಊದಿದ್ದಾ?"

ಜೊತೆಯವಳು ಅವಳ ಮೊಣಕೈ ಚಿವುಟಿದಳು. ನನಗೆ ಮಾತ್ರ ಪ್ರಶ್ನೆ ಹಿಡಿಸಿತು. ಹೌದು, ನಾನು ಸೀಟಿಯನ್ನೇ ಊದಿದೆ. ಎಲ್ಲಿ ಊದಬೇಕು, ಎಲ್ಲಿ ಸುಮ್ಮನಿರಬೇಕು, ಊದಿದ ಮೇಲೆ ನಿಂತ ಜಾಗದಿಂದ ಅಲುಗದೆ ಇರುವುದು ಹೇಗೆ, ಇಷ್ಟನ್ನು ಕಲಿಯಲು ಇಡೀ ನೌಕರಿ ಬೇಕಾಯಿತು. ಆ ಇಬ್ಬರಿಗಾಗಿ, ಅವರಂತೆ ಈ ಕೆಲಸಕ್ಕೆ ಬರುವವರಿಗಾಗಿ, ಕೆಲವು ಸಂಗತಿಗಳನ್ನು ಬರೆದಿಡುತ್ತಿದ್ದೇನೆ. ಬಡ್ತಿ, ಸನ್ಮಾನಗಳ ಮಾತು ಇಲ್ಲಿಲ್ಲ. ನನ್ನ ಮನೆಯ ವಿಷಯವೂ ಇಲ್ಲ. ಅದು ಯಾರಿಗೂ ಬೇಕಾದದ್ದಲ್ಲ.

ಧಾರವಾಡದಲ್ಲಿ ಬಿ.ಎ. ಮುಗಿಸಿ, ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು, ಲಿಂಗಸುಗೂರಿನಿಂದ ಬಸ್ಸು ಹತ್ತಿ ಸಿಂಧನೂರಿನ ಹೈಸ್ಕೂಲಿಗೆ ಬಂದಾಗ ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಸ್ಕಿ ದಾಟುವವರೆಗೆ ಕಿಟಕಿಯಾಚೆ ಜೋಳದ ಒಣ ಹೊಲ. ಸಿಂಧನೂರು ಸಮೀಪಿಸಿದಂತೆ ಒಮ್ಮೆಲೇ ಹಸಿರು, ನೀರು, ಕೊಕ್ಕರೆ. ಕಾಲುವೆ ಬಂದ ಊರು ಕಾಲುವೆ ಬಾರದ ಊರಿಗಿಂತ ವೇಗವಾಗಿ ಮಾತನಾಡುತ್ತದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ನನಗೆ ಅನ್ನಿಸಿತು.

ಹೆಡ್‌ಮಾಸ್ತರ್ ಭೀಮಸೇನರಾಯರು ನನ್ನ ಆದೇಶಪತ್ರವನ್ನು ಎರಡು ಸಲ ಓದಿದರು. ಹೆಂಗಸನ್ನು ಡ್ರಿಲ್ಲಿಗೆ ಕಳಿಸಿದ್ದಾರೆಂದು ಅವರಿಗೆ ನಂಬಿಕೆ ಬರಲಿಲ್ಲ.

"ನೋಡ್ರಿ ಬಾಯಾರ, ಇಲ್ಲಿ ಡ್ರಿಲ್ ಅಂದ್ರ ಡ್ರಿಲ್ ಒಂದೇ ಅಲ್ಲ. ಗಂಟಿ ಹೊಡಿಸೋದು, ತಡ ಆಗಿ ಬಂದವ್ರನ್ನ ಹಿಡಿಯೋದು, ಪಂದ್ರಾ ಆಗಸ್ಟ್ ಮಾಡೋದು, ಎಲ್ಲಾ ನಿಮ್ಮದೇ. ಆಟ ಅಂತೂ ಇದ್ದೇ ಐತಿ. ಸಾಮಾನು ಆ ಕಪಾಟಿನಾಗೈತಿ."

ಕಪಾಟಿನಲ್ಲಿ ತುಕ್ಕು ಹಿಡಿದ ಲೇಜಿಮುಗಳು, ಹರಿದ ರಿಂಗುಗಳು, ಒಂದು ಚರ್ಮದ ಫುಟ್‌ಬಾಲು ಇದ್ದವು. ಈಗಿನವರಿಗೆ ಆ ಚೆಂಡಿನ ಪರಿಚಯ ಇರಲಾರದು. ಒಳಗಿನ ಬ್ಲಾಡರಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಬಾಯಿಯನ್ನು ಮಡಚಿ ದಾರ ಸುತ್ತಿ, ಮೇಲಿನ ಸೀಳನ್ನು ಬೂಟಿನ ಲೇಸಿನಂತೆ ಹೆಣೆಯಬೇಕು. ಹೆಣಿಗೆ ಉಬ್ಬಿದರೆ ಹೆಡ್ ಮಾಡಿದವನ ಹಣೆ ಒಡೆಯುತ್ತಿತ್ತು. ಮಳೆಯಲ್ಲಿ ನೆನೆದರೆ ಕಲ್ಲಿನಷ್ಟು ಭಾರ. ಆ ಚೆಂಡನ್ನು ಆಟಕ್ಕೆ ಸಜ್ಜು ಮಾಡುವುದನ್ನು ನಾನು ಮೊದಲು ಕಲಿತೆ. ತರಬೇತಿಯಲ್ಲಿ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಊರಿನಲ್ಲಿ ಅಲ್ಲಿಯವರೆಗೆ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದ ಮಾಸ್ತರರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಒಂದು ಸಂಜೆ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಒಬ್ಬ ತರುಣ ಸೈಕಲ್ಲಿನ ಮೇಲೆ ಬಂದ. ಹಿಂದೆ ಮೀನಿನ ಬುಟ್ಟಿ. ಹೆಸರು ನಿತಾಯ್. ಪೂರ್ವ ಬಂಗಾಲದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದ ಕುಟುಂಬದವನು. ಬೆಳಿಗ್ಗೆ ಕಾಲುವೆಯ ಮೀನು ಮಾರುತ್ತಿದ್ದ, ಸಂಜೆ ಫುಟ್‌ಬಾಲ್ ಆಡುತ್ತಿದ್ದ. ಅವರಲ್ಲಿ ಹೆಣ್ಣು ಶಿಕ್ಷಕರನ್ನು ದಿದಿಮೊಣಿ ಎನ್ನುತ್ತಾರೆ.

"ದಿದಿಮೊಣಿ, ನೀವು ರೂಲ್ ಬುಕ್ಕು ಓದೀರಿ ಅಂತಲ್ಲ?"

"ಓದಿದ್ದೇನೆ."

"ಹಂಗಾದ್ರೆ ಐತ್ವಾರ ಬರ್ಬೇಕು. ಇಲ್ಲಿ ಎಲ್ಲಾರೂ ಜೋರು ಮಾತಾಡ್ತಾರೆ, ರೂಲ್ ಯಾರೂ ಓದಿಲ್ಲ."

ಆ ಭಾನುವಾರ ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕ್ಯಾನ್ವಾಸ್ ಶೂ ಹಾಕಿಕೊಂಡು ಕ್ಯಾಂಪಿಗೆ ಹೋದೆ. ಅಲ್ಲಿನ ಮೈದಾನವೆಂದರೆ ಉಪಕಾಲುವೆಯ ಪಕ್ಕದ, ಕೊಯ್ಲಾದ ಒಂದು ಗದ್ದೆ. ಪಂದ್ಯ ಚೆನ್ನಾಗಿಯೇ ನಡೆಯಿತು. ಅರ್ಧ ಆಟ ಮುಗಿದಾಗ ತರಬೇತಿಯಲ್ಲಿ ಕಲಿಸಿದಂತೆ ಉದ್ದವಾಗಿ ಒಂದು ಸೀಟಿ ಊದಿದೆ. ವಿರಾಮ ಮುಗಿಯುವ ಹೊತ್ತಿಗೆ ಮೈದಾನದ ಮೂಲೆಯಿಂದ ನೀರು ಹರಿದು ಬರತೊಡಗಿತು. ಕಾಲುವೆಯ ತೂಬು ಕಾಯುವ ಲಸ್ಕರ್‌ಗೆ ಏರಿಯ ಮೇಲಿನಿಂದ ಸೆಕ್ಷನ್ ಆಫೀಸರರ ಉದ್ದ ಸೀಟಿ ಕೇಳಿದರೆ ತೂಬು ಎತ್ತಬೇಕು ಎಂದು ಅಪ್ಪಣೆಯಂತೆ. ಅವನು ನನ್ನ ಸೀಟಿ ಕೇಳಿ ತೂಬು ಎತ್ತಿಬಿಟ್ಟಿದ್ದ. ಅನಂತರ ಏದುಸಿರು ಬಿಡುತ್ತ ಓಡಿಬಂದ.

"ಯಾರ್ರೀ ಸೀಟಿ ಊದಿದವ್ರು?"

"ಅಕ್ಕೋರು," ಎಂದು ಜನ ನನ್ನ ಕಡೆ ಕೈ ತೋರಿಸಿದರು. ನಮ್ಮ ಕಡೆ ಶಾಲೆಯ ಟೀಚರನ್ನು ಹಾಗೆಯೇ ಕರೆಯುವುದು.

"ಅಕ್ಕೋರು ಯಾವಾಗಿಂದ ಸೆಕ್ಷನ್ ಆಫೀಸರ್ ಆದ್ರು?"

ಎರಡನೆಯ ಅರ್ಧವನ್ನು ಕೆಸರಿನಲ್ಲಿ ಆಡಿದರು. ಜನ ನಕ್ಕು ನಕ್ಕು ಸುಸ್ತಾದರು. ಅಂದಿನಿಂದ ವಿರಾಮಕ್ಕೆ ಎರಡು ಚಿಕ್ಕ ಸೀಟಿ ಊದುವುದನ್ನು ರೂಢಿ ಮಾಡಿಕೊಂಡೆ. ಹೊಸ ಊರಿಗೆ ಹೋಗುವ ತಂಗಿಯರಿಗೆ ನನ್ನ ಮೊದಲ ಮಾತು ಇದು: ನಿಮ್ಮ ಸೀಟಿ ಊದುವ ಮೊದಲು ಆ ಊರಿನಲ್ಲಿ ಇನ್ನು ಯಾರು ಯಾರು ಸೀಟಿ ಊದುತ್ತಾರೆ ಎಂದು ವಿಚಾರಿಸಿಕೊಳ್ಳಿ.

ಈಗ ಎಡದಂಡೆ ಕ್ಲಬ್ಬಿನ ಮಾತು. ಆ ಕ್ಲಬ್ಬಿಗಾಗಿಯೇ ಈ ಬರಹ ಎಂದರೂ ತಪ್ಪಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆ ತೋಡುವಾಗ ಕೆಲಸಕ್ಕೆ ಬಂದಿದ್ದ ಮೇಸ್ತ್ರಿಗಳು, ಬಂಡೆ ಸಿಡಿಸುವವರು, ಲಾರಿ ಡ್ರೈವರುಗಳು ಸಂಜೆ ಹೊತ್ತು ಕಳೆಯಲು ಕಟ್ಟಿದ ತಂಡ ಅದು. ಏರಿಗೆ ಮಣ್ಣು ತೆಗೆದ ಒಂದು ದೊಡ್ಡ ತಗ್ಗೇ ಅವರ ಮೈದಾನ. ಸುತ್ತ ಉಳಿದ ಮಣ್ಣಿನ ದಿಬ್ಬಗಳ ಮೇಲೆ ಜನ ಕೂರುತ್ತಿದ್ದರು. ಕಾಲುವೆ ಮುಗಿದು ಅವರೆಲ್ಲ ಬೇರೆ ಕೆಲಸ ಹುಡುಕಿ ಹೋದರು. ತಂಡ ಮಾತ್ರ ಊರಿನಲ್ಲಿ ಉಳಿಯಿತು. ಗಂಜಿನ, ಅಂದರೆ ಧಾನ್ಯದ ಪೇಟೆಯ, ಹಮಾಲರ ಮಕ್ಕಳು, ದಢೇಸುಗೂರಿನ ರೈತರ ಹುಡುಗರು, ಆಮೇಲೆ ಕ್ಯಾಂಪಿನ ಬಂಗಾಲಿ ತರುಣರು ಸೇರಿಕೊಂಡರು. ಮೂರು ಭಾಷೆಯಲ್ಲಿ ಬೈಯುವ ತಂಡ ಸುತ್ತಮುತ್ತ ಬೇರೊಂದು ಇರಲಿಲ್ಲ.

ನಾನು ಬಂದ ಹೊಸತರಲ್ಲಿ ಕ್ಲಬ್ಬನ್ನು ಅಕ್ಕಿ ಗಿರಣಿಯ ಮಾಲೀಕರಾದ ಅಮರೇಶಪ್ಪ ಸಾಹುಕಾರರು ವಹಿಸಿಕೊಂಡರು. ಮೈದಾನದ ಜಾಗವನ್ನೂ ಕೊಂಡರು. ಅಂದು ಊರೇ ಹಿಗ್ಗಿತು. ಎಲ್ಲರಿಗೂ ಬೂಟು ಬಂದವು, ಹಳದಿ ಅಂಗಿ ಬಂದವು, ಹೊರಗಿನ ಪಂದ್ಯಕ್ಕೆ ಹೋಗಲು ಗಿರಣಿಯ ಲಾರಿ ಬಂತು. ಸಾಹುಕಾರರು ಕೆಟ್ಟವರಾಗಿರಲಿಲ್ಲ. ಒಬ್ಬ ಹುಡುಗನ ಕಾಲು ಮುರಿದಾಗ ತಮ್ಮ ಜೀಪಿನಲ್ಲೇ ರಾಯಚೂರಿನ ದವಾಖಾನೆಗೆ ಕರೆದೊಯ್ದವರು ಅವರು. ಕೊಂಡದ್ದೆಲ್ಲ ತಮ್ಮದು ಎಂದು ಪ್ರಾಮಾಣಿಕವಾಗಿ ನಂಬಿದ್ದರು, ಅಷ್ಟೇ.

ಮೊದಲು ಹೋದದ್ದು ಹೆಸರು. ಎಡದಂಡೆ ಎಂಬ ಹಲಗೆ ಇಳಿಸಿ ಗಿರಣಿಯ ಹೆಸರಿನ ಹಲಗೆ ಏರಿಸಿದರು. ಆಮೇಲೆ ಸೆಂಟರ್ ಫಾರ್ವರ್ಡ್ ಜಾಗಕ್ಕೆ ಅವರ ಅಕ್ಕನ ಮಗ ಚನ್ನಬಸವ ಬಂದ. ಒಳ್ಳೆಯ ಹುಡುಗ, ಆದರೆ ಚೆಂಡು ಬಂದಾಗ ಅವನು ಇರಬೇಕಾದ ಜಾಗದಲ್ಲಿ ಇರುತ್ತಿರಲಿಲ್ಲ. ಆಟಗಾರರಿಗೆ ಗಿರಣಿಯಲ್ಲಿ ಕೆಲಸ ಕೊಟ್ಟರು. ಕೇಳಲು ಚೆನ್ನ. ಆದರೆ ಸಂಜೆ ಅಭ್ಯಾಸದ ಹೊತ್ತಿಗೆ ಲಾರಿ ತುಂಬಿಸಲು ಅವರನ್ನೇ ಕರೆಯುತ್ತಿದ್ದರು. ಕೊನೆಗೆ ಮೈದಾನವೂ ಹೋಯಿತು. ವರ್ಷಗಟ್ಟಲೆ ಆಟಗಾರರ ಕಾಲಿಗೆ ಸಿಕ್ಕಿ ಆ ನೆಲ ಗಚ್ಚಿನಂತೆ ಗಟ್ಟಿಯಾಗಿತ್ತು. ಕುದಿಸಿದ ಭತ್ತ ಒಣಹಾಕಲು ಅದಕ್ಕಿಂತ ಒಳ್ಳೆಯ ಕಣ ಗಿರಣಿಯವರಿಗೆ ಎಲ್ಲಿ ಸಿಗಬೇಕು? ವಾರದಲ್ಲಿ ಒಂದು ದಿನ ಭತ್ತ ಹರವಿದರು, ಆಮೇಲೆ ಎರಡು ದಿನ, ಆಮೇಲೆ ಪಂದ್ಯದ ದಿನ ಬಿಟ್ಟು ಎಲ್ಲ ದಿನ.

ತಂಡ ಸೋಲತೊಡಗಿತು. ದೇವದುರ್ಗದವರಿಗೆ ಸೋತಿತು, ಮಾನವಿಯವರಿಗೆ ಸೋತಿತು, ಕೊನೆಗೆ ನಮ್ಮ ಹೈಸ್ಕೂಲ್ ಹುಡುಗರ ಜೊತೆ ಸಮ ಮಾಡಿಕೊಳ್ಳಲು ಹೆಣಗಿತು.

ದಿಬ್ಬದ ತುದಿಯಲ್ಲಿ ಕೂರುತ್ತಿದ್ದ ಹುಸೇನಪ್ಪ ಗಂಜಿನಲ್ಲಿ ಚೀಲ ಹೊರುವವನು. ಅವನ ಗಂಟಲು ಧ್ವನಿವರ್ಧಕಕ್ಕೆ ಸಮ.

"ಸಾಹುಕಾರ್ರ! ಭತ್ತ ಕುದಿಸಿ ಒಣಗ್ಸೋದು ಕೇಳೀವಿ. ಟೀಮು ಕುದಿಸಿ ಒಣಗ್ಸಿದವ್ರು ನೀವೊಬ್ರs ನೋಡ್ರಿ!"

"ಏ ಚನ್ನೂ, ಚೆಂಡು ಅತ್ಲಾಗ ಹೊಂಟೈತಿ, ನೀ ಇತ್ಲಾಗ ಯಾರ ಮದುವಿಗಿ ಹೊಂಟೀಯೋ?"

ಮೊದಲು ನಕ್ಕರು, ಆಮೇಲೆ ಬೈದರು, ಆಮೇಲೆ ಮಣ್ಣಹೆಂಟೆ ಎಸೆದರು. ಒಂದೆರಡು ನನಗೂ ಬಿದ್ದವು. ಅಭಿಮಾನಿಗಳು ಬೈಯುತ್ತಿರುವವರೆಗೆ ರೆಫರಿ ಹೆದರಬೇಕಾಗಿಲ್ಲ ಎಂದು ನಾನು ತಿಳಿದದ್ದು ಅನಂತರದ ಪಂದ್ಯದಲ್ಲಿ. ಅಂದು ದಿಬ್ಬಗಳು ಎಂದಿನಂತೆ ತುಂಬಿದ್ದವು. ನಾನು ಆರಂಭದ ಸೀಟಿ ಊದಿದ ಕೂಡಲೇ ಅಷ್ಟೂ ಜನ ಒಟ್ಟಿಗೆ ತಿರುಗಿ, ಮೈದಾನಕ್ಕೆ ಬೆನ್ನು ಹಾಕಿ, ಕಾಲುವೆ ನೋಡುತ್ತ ಕುಳಿತರು. ಒಂದು ಮಾತಿಲ್ಲ. ಬಂಗಾಲಿ ಹಿರಿಯರ ಕರಿ ಛತ್ರಿಗಳೂ ಅತ್ತ ತಿರುಗಿದ್ದವು. ನೂರಾರು ಬೆನ್ನುಗಳ ನಡುವೆ ಪಂದ್ಯ ನಡೆಸುವುದು ಎಂಥ ಹಿಂಸೆ ಎಂದು ಅನುಭವಿಸಿದವರಿಗೇ ಗೊತ್ತು. ನಿತಾಯ್ ಕಾಲಿಗೆ ಚೆಂಡು ಬಂದಾಗ ಮಾತ್ರ ಹುಸೇನಪ್ಪನ ಕುತ್ತಿಗೆ ತಾನಾಗಿ ಹೊರಳುತ್ತಿತ್ತು. ಪಕ್ಕದವರು ಅವನ ತಲೆ ಹಿಡಿದು ಮತ್ತೆ ಕಾಲುವೆಯ ಕಡೆ ತಿರುಗಿಸುತ್ತಿದ್ದರು.

ಆ ವರ್ಷ ಹೇಗೋ ನಮ್ಮ ತಂಡ ಸುತ್ತಲಿನ ತಾಲ್ಲೂಕುಗಳ ಕಪ್ಪಿನ ಕೊನೆಯ ಪಂದ್ಯಕ್ಕೆ ಬಂತು. ಒಂದು ಆಟದಲ್ಲಿ ಎದುರಾಳಿಗಳ ಬಸ್ಸು ಕೆಟ್ಟು ಅವರು ಬರಲಿಲ್ಲ. ಇನ್ನೊಂದರಲ್ಲಿ ಚನ್ನಬಸವನಿಗೆ ಹೊಟ್ಟೆನೋವಾಗಿ ಅವನು ಆಡಲಿಲ್ಲ, ತಂಡ ಗೆದ್ದಿತು. ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ, ಹಟ್ಟಿಯ ಹುಡುಗರ ಮೇಲೆ. ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬಂದು ಆಡುವವರು, ಕಬ್ಬಿಣದಂಥ ಕಾಲಿನವರು.

ಸಾಹುಕಾರರು ಚನ್ನಬಸವನೇ ಕ್ಯಾಪ್ಟನ್ ಆಗಬೇಕು ಎಂದರು. ಆಟಗಾರರು ಗುಂಪಾಗಿ ಗಿರಣಿಗೆ ಹೋಗಿ ನಿತಾಯ್ ಕ್ಯಾಪ್ಟನ್ ಎಂದು ಹೇಳಿ ಬಂದರು. ಮರುದಿನ ಸಾಹುಕಾರರ ಮಾತು ಊರೆಲ್ಲ ಹಬ್ಬಿತು: ಮೈದಾನ ಖಾಲಿ ಇಲ್ಲ, ಪಂದ್ಯ ಆಡದಿದ್ದರೆ ಕ್ಲಬ್ಬು ಮುಚ್ಚಿದ ಹಾಗೆ, ಆ ಜಾಗದಲ್ಲಿ ಗೋದಾಮು ಏಳುತ್ತದೆ.

ಶುಕ್ರವಾರ ಹೆಡ್‌ಮಾಸ್ತರರು ನನ್ನನ್ನು ಕೋಣೆಗೆ ಕರೆಸಿದರು.

"ಬಾಯಾರ, ನಾಳಿ ನಿಮಗ ಜ್ವರ ಬರಬೇಕು."

"ನನಗೆ ಜ್ವರ ಬಂದಿಲ್ಲ ಸರ್."

"ಬರ್ತೈತಿ. ನಾಳಿ ಮಧ್ಯಾಹ್ನ ಬರ್ತೈತಿ. ರಜಾ ಅರ್ಜಿ ಈಗs ಬರದು ಕೊಡ್ರಿ." ಅವರು ಬೆರಳೆತ್ತಿ ಮೇಲಕ್ಕೆ ತೋರಿಸಿದರು. "ನಮ್ಮ ತಲಿ ಮ್ಯಾಲಿನ ತಗಡು ಯಾರು ಕೊಟ್ಟಾರ ಗೊತ್ತೈತೇನು? ರೆಫ್ರಿ ಇಲ್ಲಂದ್ರ ಮ್ಯಾಚಿಲ್ಲ. ಮ್ಯಾಚಿಲ್ಲಂದ್ರ ಯಾರಿಗೂ ತ್ರಾಸಿಲ್ಲ."

ಅವರು ಹೆದರಿದ್ದರು. ನಾನೂ ಹೆದರಿದ್ದೆ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅರ್ಜಿ ಬರೆಯದೆ ಎದ್ದು ಬಂದೆ.

ಶನಿವಾರ ನಸುಕಿನಲ್ಲೇ ಹೋಗಿ ಸುಣ್ಣದ ಗೆರೆಗಳನ್ನು ಎಳೆದೆ. ಮುಂಜಾನೆಯ ಶಾಲೆ ಮುಗಿಸಿಕೊಂಡು ಮಧ್ಯಾಹ್ನ ಬಂದು ನೋಡಿದರೆ ಒಂದು ಗೆರೆಯೂ ಕಾಣಲಿಲ್ಲ. ಈ ಗೋಲಿನಿಂದ ಆ ಗೋಲಿನವರೆಗೆ ಭತ್ತ. ಬಿಸಿಲಿಗೆ ಹೊಳೆಯುವ ಹಸಿ ಭತ್ತ, ಕುದಿಸಿದ ವಾಸನೆ. ಕಣದ ಹೆಂಗಸರು ಸಾಲಾಗಿ ಕಾಲೆಳೆಯುತ್ತ ಅದನ್ನು ತಿರುವಿ ಹಾಕುತ್ತಿದ್ದರು. ಬೇವಿನ ಮರದ ಕೆಳಗೆ ಸಾಹುಕಾರರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು, ಪಕ್ಕದಲ್ಲಿ ಬೂಟು ಹಾಕಿಕೊಂಡ ಚನ್ನಬಸವ.

ಅವರ ಲೆಕ್ಕಾಚಾರ ಸರಿಯಾಗಿತ್ತು. ನಮ್ಮ ಸೀಮೆಯಲ್ಲಿ ಹರವಿದ ಧಾನ್ಯದ ಮೇಲೆ ಮೆಟ್ಟು ಹಾಕಿಕೊಂಡು ಕಾಲಿಡುವ ಗಂಡಸು ಹುಟ್ಟಿಲ್ಲ. ಅದು ಅನ್ನ. ದಿಬ್ಬಗಳ ಮೇಲೆ ಜನ ಸೇರಿದರು, ಹಟ್ಟಿಯ ಲಾರಿ ಬಂತು, ಎರಡೂ ತಂಡ ಬೂಟು ಕಟ್ಟಿಕೊಂಡು ಅಂಚಿನಲ್ಲಿ ನಿಂತವು. ಒಬ್ಬನೂ ಕಾಲು ಮುಂದಿಡಲಿಲ್ಲ.

"ಬಳದು ರಾಶಿ ಹಾಕೂಣು!" ಎಂದು ಹುಸೇನಪ್ಪ ದಿಬ್ಬದಿಂದ ಇಳಿದ.

ಕಣದ ಹೆಂಗಸರ ಮುಂದಾಳು ಹುಲಿಗೆಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮುಟ್ಟಿ ನೋಡು! ಹಸಿ ಭತ್ತ ರಾಶಿ ಹಾಕಿದ್ರ ಕಾವು ಏರಿ ನಾತ ಹೊಡಿತೈತಿ. ಮುಗ್ಗಿದ ಭತ್ತಕ್ಕ ನಾಳಿ ಮಾತು ಕೇಳೋರು ನಾವು, ನೀನಲ್ಲ."

"ಮತ್ತ ಮ್ಯಾಚ್ ಹ್ಯಾಂಗಬೇ?"

"ನನ್ನ ಕೇಳ್ತೀ? ನಾ ದಿನಾ ಇದರ ಮ್ಯಾಲೆ ಅಡ್ಡಾಡ್ತೀನಿ. ಬರಿಗಾಲಾದ್ರ ಭತ್ತಕ್ಕ ಏನಾಗಂಗಿಲ್ಲ, ಇನ್ನಷ್ಟು ಛಲೋ ಒಣಗತೈತಿ. ಮೆಟ್ಟು ಹಾಕ್ಕೊಂಡು ಬಂದ್ರ ಮಾತ್ರ ಯಾರs ಇರಲಿ, ಕಾಲು ಮುರೀತೀನಿ."

ಮೊದಲು ಬಾಗಿದವನು ನಿತಾಯ್. ಬೂಟಿನ ಲೇಸು ಬಿಚ್ಚತೊಡಗಿದ. ಅವನ ಹಿಂದೆ ಹತ್ತೂ ಜನ. ದಿಬ್ಬದ ಮೇಲೆ ಗದ್ದಲವೆದ್ದಿತು.

ಸಾಹುಕಾರರು ಕುರ್ಚಿಯಿಂದ ಎದ್ದರು. "ಲೇ, ಅದು ನನ್ನ ಭತ್ತ! ಈ ಜಾಗ ನಂದು. ಆ ಬೂಟು ನನ್ನವು, ಮೈಮ್ಯಾಲಿನ ಅಂಗಿ ನಂದು, ಚೆಂಡು ನಂದು. ನಿಮ್ಮದು ಅಂತ ಇಲ್ಲಿ ಏನೈತಿ?"

ಹುಸೇನಪ್ಪ ಉತ್ತರ ಕೊಟ್ಟ. ಅಂದು ಅವನು ಕೂಗಲಿಲ್ಲ, ಮಾತನಾಡಿದ. "ಕಾಲು ನಮ್ಮವು, ಸಾಹುಕಾರ್ರ."

ಹನ್ನೊಂದು ಹಳದಿ ಅಂಗಿಗಳು, ಹನ್ನೊಂದು ಜೊತೆ ಬೂಟುಗಳು ಕುರ್ಚಿಯ ಮುಂದೆ ಬಿದ್ದವು. ಚೆಂಡನ್ನು ಅದರ ಮೇಲಿಟ್ಟರು. ಹಟ್ಟಿಯ ಕ್ಯಾಪ್ಟನ್ ಇದನ್ನೆಲ್ಲ ನೋಡಿ ತನ್ನವರ ಕಡೆ ತಿರುಗಿದ. "ಬಿಚ್ರೋ ಬೂಟು. ನಾಳೆ ಮುಂಜಾನೆ ಪಾಳಿ ಐತಿ, ಆಡದs ಹೋಗಾಕ ಬಂದಿಲ್ಲ ನಾವು." ತಮ್ಮ ಲಾರಿಯಿಂದ ಚೆಂಡು ತರಿಸಿದ.

ಎಲ್ಲರೂ ನನ್ನನ್ನು ನೋಡಿದರು. ನಿಯಮದ ಪುಸ್ತಕವನ್ನು ಮನಸ್ಸಿನಲ್ಲೇ ಮೊದಲ ಪುಟದಿಂದ ತಿರುವಿದೆ. ಮೈದಾನದ ಮೇಲೆ ಭತ್ತ ಇರಬಾರದು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಎರಡು ತಂಡಗಳ ಬಣ್ಣ ಬೇರೆ ಇರಬೇಕು ಎಂದಿತ್ತು: ಒಂದರದು ನೀಲಿ ಅಂಗಿ, ಇನ್ನೊಂದರದು ಬರಿ ಮೈ. ಸಾಕು.

ಹೆಜ್ಜೆ ಮುಂದಿಟ್ಟೆ.

"ಅಕ್ಕೋರೆ!" ಹುಲಿಗೆಮ್ಮ ಬೆರಳು ತೋರಿಸಿದಳು. "ನಿಮ್ಮವೂ."

ಶೂ ಕಳಚಿದೆ. ಭತ್ತ ಬಿಸಿಯಾಗಿತ್ತು, ಅಂಗಾಲಿಗೆ ಚುಚ್ಚುತ್ತಿತ್ತು. ನಡುವಿಗೆ ಹೋಗಿ ನಿಂತು ಸೀಟಿ ಊದಿದೆ. ಒಂದೇ ಒಂದು ಬೆನ್ನು ನನಗೆ ಕಾಣಲಿಲ್ಲ.

ಅಂಥ ಆಟವನ್ನು ಮುಂದೆ ಎಂದೂ ನೋಡಲಿಲ್ಲ. ಚೆಂಡು ಉರುಳಿದರೆ ಸರ್ರೆಂದು ಮಳೆ ಬಂದಂತೆ ಸದ್ದು. ಜೋರಾಗಿ ಒದ್ದದ್ದು ಸ್ವಲ್ಪ ದೂರದಲ್ಲೇ ಭತ್ತ ಗುಡ್ಡೆ ಮಾಡಿಕೊಂಡು ನಿಂತುಬಿಡುತ್ತಿತ್ತು. ಓಡುವವರು ಜಾರಿ ಕುಳಿತರು, ಕುಳಿತವರು ಹಾಗೇ ಜಾರುತ್ತ ಮುಂದೆ ಹೋದರು. ನಾನೂ ಒಮ್ಮೆ ಬಿದ್ದೆ. ಕಣದ ಹೆಂಗಸರು ಅಂಚಿನಲ್ಲಿ ಹಲಗೆ ಹಿಡಿದು ನಿಂತು, ಹೊರಗೆ ಚೆಲ್ಲಿದ ಕಾಳನ್ನು ಒಳಗೆ ತಳ್ಳುತ್ತ, ಆಟಗಾರರನ್ನು ಬೈಯುತ್ತಿದ್ದರು. "ಆ ಮೂಲಿ ಒಣಗಿಲ್ಲ, ಅತ್ಲಾಗ ಆಡ್ರೋ!"

ಹಟ್ಟಿಯವರು ಬೇಗ ಪಟ್ಟು ಕಲಿತರು. ಚೆಂಡನ್ನು ನೆಲಕ್ಕೆ ಬೀಳಿಸದೆ ತಲೆಯಿಂದ ತಲೆಗೆ ಸಾಗಿಸಿ ಒಂದು ಗೋಲು ಹೊಡೆದರು, ವಿರಾಮದೊಳಗೆ ಇನ್ನೊಂದು. ದಿಬ್ಬ ಮಂಕಾಗಲಿಲ್ಲ. ಅಷ್ಟು ದಿನ ಗಂಟಲೊಳಗೆ ಕಟ್ಟಿಟ್ಟ ಕೂಗೆಲ್ಲ ಆ ಸಂಜೆ ಹೊರಬಿತ್ತು. "ಎಡದಂಡೀ! ಎಡದಂಡೀ!" ಎಂದು ಈ ದಿಬ್ಬ ಕೂಗಿದರೆ ಆ ದಿಬ್ಬ ಛತ್ರಿ ಎತ್ತಿ ಕುಣಿಯಿತು.

ವಿರಾಮದ ನಂತರ ನಿತಾಯ್ ಉಪಾಯ ಕಂಡುಕೊಂಡ. ನಿಂತ ಚೆಂಡಿನ ಅಡಿಗೆ ಕಾಲ್ಬೆರಳು ತೂರಿಸಿ, ಭತ್ತದ ಸಮೇತ ಮೇಲೆತ್ತಿ ಒದೆಯತೊಡಗಿದ. ಕಾಳು ಸಿಡಿದು ಎದುರಿನವರ ಕಣ್ಣು ಮುಚ್ಚುವಷ್ಟರಲ್ಲಿ ಚೆಂಡು ಅವರ ತಲೆ ದಾಟಿರುತ್ತಿತ್ತು. ಹಾಗೆ ಎತ್ತಿದ ಒಂದು ಚೆಂಡು ಹಟ್ಟಿಯ ಗೋಲಿಯ ಕೈ ಸವರಿ ಒಳಗೆ ಬಿತ್ತು. ಗೋಲ್! ಹುಸೇನಪ್ಪ ಪಕ್ಕದಲ್ಲಿ ಕುಳಿತಿದ್ದ ಬಂಗಾಲಿ ಅಜ್ಜನನ್ನು ಚೀಲದಂತೆ ಹೆಗಲ ಮೇಲೆ ಹೊತ್ತು ದಿಬ್ಬದ ಸುತ್ತ ಓಡಿದ. "ಇಳಿಸೋ ಬಾಬಾ, ಇಳಿಸೋ!" ಎಂದು ಅಜ್ಜ ಕೂಗುತ್ತಲೇ ಛತ್ರಿ ಬೀಸುತ್ತಿದ್ದ.

ಆಗಲೇ ನಮ್ಮವನೊಬ್ಬ ಜಾರಿ ಬಿದ್ದು ಪಾದ ಹೊರಳಿಸಿಕೊಂಡ. ಬದಲಿ ಆಟಗಾರರು ಇರಲಿಲ್ಲ. ಅಂದು ಬಂದರೆ ಗಿರಣಿಯ ಕೆಲಸ ಹೋಗುತ್ತದೆ ಎಂದು ಅವರನ್ನು ಹೆದರಿಸಿದ್ದರು. ಹತ್ತು ಜನ ಉಳಿದರು. ಬೇವಿನ ಮರದ ಕೆಳಗೆ ಚನ್ನಬಸವ ಬೂಟು ಬಿಚ್ಚುತ್ತಿರುವುದು ನನಗೆ ಕಾಣಿಸಿತು.

"ಲೇ ಚನ್ನೂ, ಕೂಡು!" ಎಂದರು ಸಾಹುಕಾರರು.

"ಮಾವ, ಅಲ್ಲಿ ಹತ್ತs ಮಂದಿ ಅದಾರ."

ಅಂಗಿ ತೆಗೆದು ಕುರ್ಚಿಯ ಮೇಲೆ ಹಾಕಿ ಅಂಚಿಗೆ ಬಂದು ನಿಂತ. ನಿತಾಯ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ ನನ್ನತ್ತ ತಲೆಯಾಡಿಸಿದ. ನಾನು ಒಳಗೆ ಬಿಟ್ಟೆ. ದಿಬ್ಬಕ್ಕೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ನಿತಾಯ್ ಎತ್ತಿ ಕೊಟ್ಟ ಚೆಂಡು ಹಟ್ಟಿಯ ಗೋಲಿನ ಮುಂದೆ ಬಿತ್ತು. ಅಲ್ಲಿ, ಇರಬೇಕಾದ ಜಾಗದಲ್ಲೇ, ಚನ್ನಬಸವ ಇದ್ದ. ಒದ್ದ. ಗೋಲಿ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಉರುಳಿತು. ಉರುಳುತ್ತ ಉರುಳುತ್ತ, ಹೆಂಗಸರು ಕಾಲೆಳೆದು ಮಾಡಿದ್ದ ಭತ್ತದ ಸಾಲೊಂದರಲ್ಲಿ, ಎರಡು ಕಂಬಗಳ ನಡುವೆ, ನಿಂತಿತು.

ದಿಬ್ಬ ಕೂಗಿ ಎದ್ದಿತು. ಹಟ್ಟಿಯವರು ಕೈಯೆತ್ತಿ ಇಲ್ಲ ಎಂದರು. ನಾನು ಸೀಟಿ ಊದಿ ಓಡಿದೆ. ಚೆಂಡು ಗೆರೆ ದಾಟಿದೆಯೇ? ಗೆರೆ ಎಲ್ಲಿ? ನಾನೇ ನಸುಕಿನಲ್ಲಿ ಎಳೆದ ಗೆರೆ ಭತ್ತದ ಅಡಿಯಲ್ಲಿತ್ತು.

"ಯಾರೂ ಮುಟ್ಟಬೇಡಿ," ಎಂದು ಮಂಡಿಯೂರಿದೆ. ಚೆಂಡಿನ ಸುತ್ತ ಒಂದೊಂದೇ ಹಿಡಿ ಭತ್ತವನ್ನು ಸರಿಸಿದೆ. ಬೆರಳ ನಡುವೆ ಕಾಳು ಜಾರುವ ಸದ್ದು ನನಗೆ ಕೇಳುತ್ತಿತ್ತು. ಸುಣ್ಣ ಕಂಡಿತು. ಬಿಳಿ ಗೆರೆ ಚೆಂಡಿನ ಅಡಿಗೆ ಹೋಗಿತ್ತು, ಗೋಲಿನ ಬದಿಯಲ್ಲಿ ಗೆರೆಯ ಅಂಚು ಚೆಂಡಿನಿಂದ ಬೆರಳಗಲ ಹೊರಗೆ ಕಾಣುತ್ತಿತ್ತು. ಚೆಂಡು ಪೂರ್ತಿ ದಾಟಿರಲಿಲ್ಲ.

ನನಗೆ ಅದು ಗೋಲಾಗಬೇಕಿತ್ತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಎದ್ದು ನಿಂತು ಕೈ ಅಡ್ಡ ಆಡಿಸಿದೆ. ಗೋಲಿಲ್ಲ.

ಮಣ್ಣಹೆಂಟೆಗಾಗಿ ಕಾದೆ. ಹುಸೇನಪ್ಪ ದಿಬ್ಬ ಇಳಿದು ಬಂದ, ಬಗ್ಗಿ ನೋಡಿದ, ಸೊಂಟ ನೆಟ್ಟಗೆ ಮಾಡಿಕೊಂಡು ಕೂಗಿದ: "ಗೆರಿ ಮ್ಯಾಲೈತಿ! ಅಕ್ಕೋರು ಖರೇ ಹೇಳ್ಯಾರ. ಆಡ್ರಲೇ, ಟೈಮ್ ಐತಿ!"

ಆಡಿದರು. ಕೊನೆಯ ಸೀಟಿಯವರೆಗೆ ಆಡಿದರು. ಹಟ್ಟಿ ಎರಡು, ಎಡದಂಡೆ ಒಂದು. ಸೋತ ತಂಡವನ್ನು ಜನ ಹೆಗಲ ಮೇಲೆ ಹೊತ್ತದ್ದನ್ನು ನಾನು ನೋಡಿದ್ದು ಅಂದೇ. ಚನ್ನಬಸವನನ್ನೂ ಯಾರೋ ಹೊತ್ತಿದ್ದರು. ಅವನು ಅಳುತ್ತಿದ್ದ, ನಗುತ್ತಿದ್ದ.

ಸಾಹುಕಾರರು ನಡುವಿಗೆ ಬಂದರು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಬಂದರು. "ಆತಲ್ಲ? ಸೋತ್ರಿ. ನಾಳಿಂದ ಇಲ್ಲಿ ಗೋದಾಮಿನ ಪಾಯ ತೋಡ್ತೀನಿ. ನಡೀರಿ ಮನಿಗಿ."

ಯಾರೂ ಮನೆಗೆ ಹೋಗಲಿಲ್ಲ. ಹೊತ್ತು ಇಳಿಯುತ್ತಿತ್ತು, ಇಬ್ಬನಿ ಬೀಳುವ ಮೊದಲು ಭತ್ತ ಬಳಿಯಬೇಕು. ದಿನವಿಡೀ ಬಿಸಿಲು ಕುಡಿದು, ಅಷ್ಟು ಕಾಲುಗಳಿಗೆ ಸಿಕ್ಕಿ ಅದು ಚೆನ್ನಾಗಿ ಒಣಗಿತ್ತು. ಹುಲಿಗೆಮ್ಮ ಹೇಳಿದಂತೆ ದಿಬ್ಬದ ಜನವೆಲ್ಲ ಇಳಿದು ಪಂಚೆಯಿಂದ, ಕೈಯಿಂದ, ಛತ್ರಿಯಿಂದ ಬಳಿದರು. ಹಟ್ಟಿಯವರೂ ಸೇರಿದರು. ರಾಶಿ ಮಾಡಿ ತಾಡಪತ್ರಿ ಹೊದಿಸಿದರು.

"ನೋಡಿಕೊಳ್ರಿ ಸಾಹುಕಾರ್ರ. ನಿಮ್ಮದೆಲ್ಲ ನಿಮಗ ಮುಟ್ಟಿತು," ಎಂದ ಹುಸೇನಪ್ಪ. ಅನಂತರ ಗೋಲುಕಂಬದ ಬುಡಕ್ಕೆ ಹೋಗಿ ಹಾರೆ ಇಟ್ಟ.

"ಏ, ಅದ್ಯಾಕೋ?"

"ಇದು ಕಾಲುವಿ ಕಟ್ಟುವಾಗಿನ ಸೆಂಟ್ರಿಂಗ್ ಕಟ್ಟಿಗಿರಿ. ಕೆಲಸ ಮುಗದಾಗ ಮೇಸ್ತ್ರಿ ನಮ್ಮಪ್ಪಗ ಕೊಟ್ಟಿದ್ದ. ನಮ್ಮಪ್ಪ ಹೊತ್ತು ತಂದು ಇಲ್ಲಿ ಹುಗದಾನ. ನೀವು ಕೊಂಡ ಪೈಕಿ ಅಲ್ಲ."

"ಕಂಬ ಒಯ್ದು ಏನ್ ಮಾಡ್ತೀರಲೇ? ನೆಲ ಬೇಕಲ್ಲ?"

"ನೆಲ ನಮ್ಮ ಕ್ಯಾಂಪಲ್ಲಿ ಐತೆ," ಎಂದ ನಿತಾಯ್. "ಕೊಯ್ಲು ಆಗೈತೆ. ಮುಂದಿನ ನೀರು ಬರೋ ತನಕ ಖಾಲಿ."

ನಾಲ್ಕು ಕಂಬಗಳು, ಎರಡು ಅಡ್ಡ ತೊಲೆಗಳು ಮೇಲೆದ್ದವು. ಗಂಜಿನ ಹಮಾಲರು ಮುಂದೆ, ಬರಿ ಮೈಯ ಆಟಗಾರರು ಹಿಂದೆ, ಹೆಗಲು ಸಿಕ್ಕವರೆಲ್ಲ ನಡುವೆ. ಸಂಜೆಯ ಬೆಳಕಿನಲ್ಲಿ ಕಾಲುವೆಯ ಏರಿಯ ಮೇಲೆ ಆ ಮೆರವಣಿಗೆ ಕೂಗುತ್ತ, ಹಾಡುತ್ತ, ಪರಸ್ಪರ ಬೈಯುತ್ತ ಹೊರಟಿತು. ಸಾಹುಕಾರರು ಖಾಲಿ ಮೈದಾನದ ನಡುವೆ ಒಬ್ಬರೇ ನಿಂತಿದ್ದರು. ಯಾರೂ ಅವರನ್ನು ಬೈಯಲಿಲ್ಲ. ಅವರಿಗೆ ಅದೇ ಹೆಚ್ಚು ನೋವಾಯಿತೆಂದು ನನ್ನ ಊಹೆ.

ಸೋಮವಾರ ಹೆಡ್‌ಮಾಸ್ತರರು ನನಗೆ ಮೆಮೋ ಕೊಟ್ಟರು. ಆ ವರ್ಷದ ಕೊನೆಗೆ ಮಸ್ಕಿಗೆ ವರ್ಗವಾಯಿತು. ಪಂದ್ಯಕ್ಕೂ ಮೆಮೋಗೂ ನಡುವೆ ಒಂದು ಭಾನುವಾರ ಇತ್ತು. ನಾನು ಹೇಳಬೇಕಾದದ್ದು ಅದನ್ನು.

ಭಾನುವಾರ ಬೆಳಿಗ್ಗೆ ಕ್ಯಾಂಪಿಗೆ ಹೋದೆ. ಕೊಯ್ದ ಗದ್ದೆಯಲ್ಲಿ ಕೂಳೆ ಕಿತ್ತು ಹಸನು ಮಾಡುತ್ತಿದ್ದರು. ಸಿಂಧನೂರಿನಿಂದ ಅರ್ಧ ಊರು ಬಂದಿತ್ತು. ಕಂಬಗಳು ಬದುವಿನ ಮೇಲೆ ಮಲಗಿದ್ದವು, ಪಕ್ಕದಲ್ಲಿ ಜಗಳ ಜೋರಾಗಿತ್ತು. ಗೋಲು ಕಾಲುವೆಯ ಕಡೆ ಮುಖ ಮಾಡಬೇಕೆಂದು ಹುಸೇನಪ್ಪ, ಸಂಜೆಯ ಬಿಸಿಲು ಗೋಲಿಯ ಕಣ್ಣಿಗೆ ಹೊಡೆಯುತ್ತದೆಂದು ನಿತಾಯ್. ಚನ್ನಬಸವ ಗುದ್ದಲಿ ಹಿಡಿದು ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದ.

"ಅಕ್ಕೋರು ಬಂದ್ರು, ಅವ್ರನ್ನs ಕೇಳ್ರಿ!"

ಗದ್ದೆಯ ಉದ್ದಗಲಕ್ಕೆ ನಡೆದು ನೋಡಿದೆ. ಸೂರ್ಯ ಎಲ್ಲಿ ಮುಳುಗುತ್ತಾನೆ, ನೀರು ಬಂದರೆ ಎಲ್ಲಿಂದ ಬರುತ್ತದೆ, ಜನ ಎಲ್ಲಿ ಕೂರುತ್ತಾರೆ, ಎಲ್ಲವನ್ನೂ ನೋಡಿದೆ. ಒಂದು ಕಡೆ ನಿಂತು ಹಿಮ್ಮಡಿಯಿಂದ ಮಣ್ಣಿನಲ್ಲಿ ಗುರುತು ಮಾಡಿದೆ.

"ಇಲ್ಲಿ," ಎಂದೆ.

ಚನ್ನಬಸವ ಗುದ್ದಲಿ ಎತ್ತಿದ.